ಟೈಟಾನಿಯಂ, ಇಂಕೊನೆಲ್ ಜಾಬ್‌ಗೆ ಕೂಲಂಟ್ ಖರ್ಚು ಇಳಿಸೋದು ಹೇಗೆ?

ಪೀಣ್ಯ_ಟರ್ನರ್:
ಸಿಎನ್‌ಸಿ ಲೇತಲ್ಲಿ ಟೈಟಾನಿಯಂ ಗ್ರೇಡ್ 5 ಟರ್ನಿಂಗ್, ವಿಎಂಸಿಯಲ್ಲಿ (ಸಿಎನ್‌ಸಿ ಮಿಲ್ಲಿಂಗ್ ಮಷೀನ್) ಇಂಕೊನೆಲ್ 718 (ನಿಕಲ್ ಮಿಶ್ರಲೋಹ) ಪಾಕೆಟ್, ಅಂದರೆ ಗುಂಡಿ ಕೊರೆಯೋದು. ಎರಡಕ್ಕೂ 200 ಲೀಟರ್ ಟ್ಯಾಂಕ್, ಮಾಮೂಲಿ ಪಂಪ್. ಲೇತ್ ಟ್ಯಾಂಕಿಗೇ ವಾರಕ್ಕೆ 40 ಲೀಟರ್ ಕೂಲಂಟ್ (ತಣಿಸೋ ಎಣ್ಣೆ-ನೀರು) ಸುರಿಯಬೇಕು, ಮೂರು ತಿಂಗಳಿಗೆ ನಾತ ಹೊಡೆದು ಪೂರ್ತಿ ಬದಲಿಸಬೇಕು. ಎರಡಕ್ಕೂ ಎಂಕ್ಯೂಎಲ್ (ಗಾಳಿ ಜೊತೆ ಚೂರೇ ಚೂರು ಎಣ್ಣೆ ಸಿಂಪಡಿಸೋದು) ಹಾಕಿಸಿ ಕೂಲಂಟ್ ನಿಲ್ಲಿಸಬಹುದಾ? ಲೇತಲ್ಲಿ ವಾಲ್ವ್ ಅರ್ಧ ಮುಚ್ಚಿದರೆ ಇನ್ಸರ್ಟ್ (ಕೊರೆಯೋ ಕಾರ್ಬೈಡ್ ತುಂಡು) ಐದು ನಿಮಿಷವೂ ಬಾಳಲ್ಲ.

ಟೂಲ್‌ರೂಮ್:
ಲೇತಲ್ಲಿ ಬೇಡ ಸರ್. ಎಂಕ್ಯೂಎಲ್ ಜಾರಿಸುತ್ತೆ, ತಣಿಸೋದು ಕಮ್ಮಿ. ಟೈಟಾನಿಯಂನ ಉಷ್ಣವಾಹಕತೆ ಸುಮಾರು 7 W/mK, ಮಾಮೂಲಿ ಸ್ಟೀಲಿನದು 50ರ ಆಸುಪಾಸು. ಶಾಖ ಜಾಬ್‌ಗೂ ಇಳಿಯಲ್ಲ, ಚಿಪ್ಸ್ ಜೊತೆಗೂ ಹೋಗಲ್ಲ, ಇನ್ಸರ್ಟ್ ತುದಿಯಲ್ಲೇ ಕೂರುತ್ತೆ. ವಾಲ್ವ್ ಅರ್ಧ ಮುಚ್ಚಿದಾಗ ನೀರು ಬಿಟ್ಟು ಬಿಟ್ಟು ಬೀಳುತ್ತೆ, ಕಾದು ತಣಿದು ಕಾರ್ಬೈಡ್ ಸೀಳುತ್ತೆ. ಅದಕ್ಕಿಂತ ಪೂರ್ತಿ ಒಣಗಿಸಿದ್ದೇ ವಾಸಿ ಅನ್ನಬೇಕು.

ನೀರು ಕಮ್ಮಿ ಮಾಡೋದಲ್ಲ, ಗುರಿ ಹಿಡಿಯಬೇಕು. 70 ಬಾರ್ ಪಂಪ್, ಹೋಲ್ಡರ್ ಒಳಗಿಂದಲೇ ಬರೋ 1 ಮಿಮೀ ತೂತು: ನಿಮಿಷಕ್ಕೆ ಸುಮಾರು 4 ಲೀಟರ್ ಸಾಕು. ಧಾರೆ ಚಿಪ್ ಮತ್ತು ಇನ್ಸರ್ಟ್ ಮುಖದ ನಡುವಿನ ಸಂದಿಗೇ ನುಗ್ಗಬೇಕು. 20 ಮೈಕ್ರಾನ್ ಫಿಲ್ಟರ್ ಇಲ್ಲದೆ ಓಡಿಸಿದರೆ ಆ ತೂತು ಬೇಗ ಕಟ್ಟಿಕೊಳ್ಳುತ್ತೆ. ಸ್ಪೀಡ್ ನಿಮಿಷಕ್ಕೆ 50 ಮೀಟರ್, ಫೀಡ್ ಸುತ್ತಿಗೆ 0.15 ಮಿಮೀ. ಫೀಡ್ ಅದಕ್ಕಿಂತ ತುಂಬಾ ಇಳಿಸಿದರೆ ಟೂಲ್ ಕೊರೆಯಲ್ಲ, ಉಜ್ಜುತ್ತೆ.

ಮೈಕ್ರಾನ್:
ವಿಎಂಸಿಯದು ಬೇರೆ ಲೆಕ್ಕ. ಇಂಕೊನೆಲ್ ರಫಿಂಗಿಗೆ (ಮೊದಲ ಒರಟು ಕೊರೆತ) ಸಿಯಾಲಾನ್ ಸೆರಾಮಿಕ್ ಕಟರ್, ಕೂಲಂಟ್ ಪೂರ್ತಿ ಬಂದ್, ಗಾಳಿ ಮಾತ್ರ. ನೀರು ತಗುಲಿದರೆ ಸೆರಾಮಿಕ್ ಚೂರಾಗುತ್ತೆ. 50 ಮಿಮೀ ಕಟರ್‌ಗೆ ನಿಮಿಷಕ್ಕೆ 700 ಮೀಟರ್ ಅಂದರೆ ಹತ್ತಿರ ಹತ್ತಿರ 4500 ಆರ್‌ಪಿಎಂ. ಆ ಶಾಖಕ್ಕೆ ಕೊರೆಯೋ ಜಾಗದ ಲೋಹವೇ ಮೆತ್ತಗಾಗುತ್ತೆ, ಮರ್ಮ ಅದೇ. ವೆಲ್ಡಿಂಗ್ ಥರ ಕಿಡಿ ಹಾರುತ್ತೆ, ಹಳೇ ಅಲುಗಾಡೋ ಮಷೀನಿಗೆ ಈ ಸಾಹಸ ಬೇಡ. ಗೋಡೆಗೆ 1 ಮಿಮೀ ಬಿಡಿ, ಫಿನಿಶಿಂಗ್ ಕಾರ್ಬೈಡಲ್ಲಿ, 30 ಮೀಟರ್ ಸ್ಪೀಡಲ್ಲಿ.

ಎಂಕ್ಯೂಎಲ್ ಬೇಕಿರೋದು ಈ ಫಿನಿಶಿಂಗಿಗೆ: ವೆಜಿಟಬಲ್ ಎಸ್ಟರ್ ಎಣ್ಣೆ ಗಂಟೆಗೆ 50 ಎಂಎಲ್, ಗಾಳಿ 5 ಬಾರ್, ನಾಝಲ್ ಕಟರ್ ತುದಿಯಿಂದ 25–30 ಮಿಮೀ ದೂರ. ಪಾಕೆಟ್ ಆದ್ದರಿಂದ ಎರಡು ನಾಝಲ್ ಇಡಿ, ಒಂದಕ್ಕೆ ಗೋಡೆ ಮರೆಯಾಗುತ್ತೆ. ಮಿಸ್ಟ್ ಕಲೆಕ್ಟರ್ ಇಲ್ಲದೆ ಶುರು ಮಾಡಬೇಡಿ, ಆ ಮಂಜು ಆಪರೇಟರ್ ಶ್ವಾಸಕೋಶಕ್ಕೇ ಹೋಗೋದು.

ಸಂಪ್_ಕಾವಲು:
ವಾರಕ್ಕೆ 40 ಲೀಟರ್ ಹೋಗ್ತಿರೋದು ಎಲ್ಲಿಗೆ? ಮೊದಲು ಚಿಪ್ಸ್ ಡ್ರಮ್ ನೋಡಿ. ಸುರುಳಿ ಚಿಪ್ಸ್ ಸ್ಪಂಜಿನ ಹಾಗೆ ಕೂಲಂಟ್ ಹೊತ್ತುಕೊಂಡೇ ಹೋಗುತ್ತೆ. ತಳಕ್ಕೆ ತೂತು ಕೊರೆದ ಡ್ರಮ್ಮಲ್ಲಿ ರಾತ್ರಿಯಿಡೀ ಬಸಿಯಲು ಬಿಡಿ, ಟ್ರೇಯಲ್ಲಿ ಬಿದ್ದದ್ದನ್ನು ಸೋಸಿ ಟ್ಯಾಂಕಿಗೆ ಹಾಕಿ.

ಉಳಿದದ್ದು ಆವಿ. ಆರೋದು ನೀರು, ಎಣ್ಣೆ ಉಳಿಯುತ್ತೆ. ಹಾಗಾಗಿ ಟಾಪ್‌ಅಪ್‌ಗೆ 8% ಅಲ್ಲ, 2–3% ಎಣ್ಣೆ ಕಲಸಿ ಹಾಕಿ. ರಿಫ್ರಾಕ್ಟೋಮೀಟರ್ (ಎಣ್ಣೆ ಪ್ರಮಾಣ ಅಳೆಯೋ ಉಪಕರಣ) ತೋರಿಸೋದನ್ನು ಕೂಲಂಟಿನ ಡೇಟಾಶೀಟಲ್ಲಿರೋ ಫ್ಯಾಕ್ಟರ್‌ನಿಂದ ಗುಣಿಸಿ, ಬಂದದ್ದು 8–10% ಇರಲಿ. ಬೋರ್‌ವೆಲ್ ನೀರು ತುಂಬಿದಷ್ಟೂ ಗಡಸು ಸೇರ್ತಾ ಹೋಗುತ್ತೆ. ಟಾಪ್‌ಅಪ್‌ಗೆ ಆರ್‌ಓ ಸರಿ, ಆದರೆ ಹೊಸದಾಗಿ ಕಲಸುವಾಗ ಪೂರ್ತಿ ಆರ್‌ಓ ಬೇಡ. ಟೂಲ್‌ರೂಮ್ ಹೇಳಿದ 70 ಬಾರಲ್ಲಿ ಮೆದು ನೀರು ನೊರೆ ಉಕ್ಕಿಸುತ್ತೆ. ನಾತಕ್ಕೆ ಕಾರಣ ಮೇಲೆ ತೇಲೋ ಸ್ಲೈಡ್‌ವೇ ಎಣ್ಣೆ (ಮಷೀನ್ ಜಾರು ಹಳಿಯದು): ಅದನ್ನು ಬಾಚಿ ತೆಗೆಯೋ ಸ್ಕಿಮ್ಮರ್ ಹಾಕಿ, ಭಾನುವಾರ ಅಕ್ವೇರಿಯಂ ಪಂಪ್‌ನಿಂದ ಗಾಳಿ ಆಡಿಸಿ. ಪಿಹೆಚ್ 8.5ಕ್ಕಿಂತ ಇಳಿದರೆ ಬ್ಯಾಕ್ಟೀರಿಯಾ ಶುರುವಾಗಿದೆ ಅಂತ. ಹಳೇದನ್ನು ಮೋರಿಗೆ ಮಾತ್ರ ಬಿಡಬೇಡಿ.

ಪೀಣ್ಯ_ಟರ್ನರ್:
ಪಂಪ್‌ಗಿಂತ ಮೊದಲು ಡ್ರಮ್ ಮತ್ತು ಸ್ಕಿಮ್ಮರ್ ಮಾಡ್ತೀನಿ. ಟೈಟಾನಿಯಂ ಫಿನಿಶಿಂಗ್ ಪಾಸಿಗಾದರೂ ಎಂಕ್ಯೂಎಲ್ ನಡೆಯುತ್ತಾ?

ಟೂಲ್‌ರೂಮ್:
ಸ್ಪೀಡ್ ಇಳಿಸಿದರೆ ನಡೆಯುತ್ತೆ, ಆದರೆ ಬೆಂಕಿ ಗಮನದಲ್ಲಿರಲಿ. ಕೂದಲೆಳೆಯಂಥ ಒಣ ಟೈಟಾನಿಯಂ ಚಿಪ್ಸ್‌ಗೆ ಕಿಡಿ ಸಾಕು. ಮೊಂಡು ಇನ್ಸರ್ಟಲ್ಲಿ ಉಜ್ಜಬೇಡಿ, ಚಿಪ್ಸ್ ಒಳಗೆ ರಾಶಿ ಬೀಳದ ಹಾಗೆ ಆಗಾಗ ತೆಗೀರಿ. ಹೊತ್ತಿಕೊಂಡರೆ ನೀರೂ ಬೇಡ, ಸಿಓ2 ಕೂಡ ಬೇಡ, ಉರಿ ಹೆಚ್ಚುತ್ತೆ. ಲೋಹದ ಬೆಂಕಿಗಿರೋ ಡಿ ಕ್ಲಾಸ್ ಪೌಡರ್ ಸಿಲಿಂಡರ್ ಅಥವಾ ಚೆನ್ನಾಗಿ ಒಣಗಿದ ಮರಳಿನ ಬಕೆಟ್ ಮಷೀನ್ ಪಕ್ಕದಲ್ಲೇ ಇಡಿ.