ಇಟ್ರೆಕ್ಸ್ 10 ಇದೆ, ಹೊಸ ಜಿಪಿಎಸ್ ತಗೊಳ್ಳೋದಾ ಬೇಡ್ವಾ?

ಕಾನುಮನೆ:
ನಮಸ್ಕಾರ. ನನ್ನ ಹತ್ರ ಇರೋದು ಗಾರ್ಮಿನ್ ಇಟ್ರೆಕ್ಸ್ 10, 2013ರಲ್ಲಿ ತಗೊಂಡಿದ್ದು. ಕಪ್ಪು-ಬಿಳುಪು ಪರದೆ, ಎರಡು ಪೆನ್ಸಿಲ್ ಸೆಲ್ಲು. ಪಕ್ಕದ ರಬ್ಬರು ಅಂಟು ಬಿಟ್ಟಿದೆ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿಟ್ಟಿದ್ದೇನೆ. ಮೇಷ್ಟ್ರ ಕೆಲಸದಿಂದ ನಿವೃತ್ತಿ ಆದಮೇಲೆ ಹತ್ತಿದ ಹುಚ್ಚು ಇದು: ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಕಡೆ ರಾಮಪತ್ರೆ ಜಡ್ಡಿಗಳಲ್ಲಿ (ರಾಮಪತ್ರೆ ಮರ ಬೆಳೆಯೋ ಜೌಗು ಕಾಡು) ಯಾವ ಮರ ಎಲ್ಲಿದೆ ಅಂತ ಬರೆದಿಡೋದು. ಒಪ್ಪಿಗೆ ಪಡೆದ ತಂಡದ ಜೊತೆಗೇ ಹೋಗ್ತೇನೆ, ಆ ಚಿಂತೆ ಬೇಡ.

ತೊಂದರೆ ಏನಂದ್ರೆ, ಆ ಕಾನಿನಲ್ಲಿ ಮಧ್ಯಾಹ್ನವೂ ಮಬ್ಬು. ಹೋದ ವರ್ಷ ಗುರುತು ಹಾಕಿದ ಮರದ ಬುಡಕ್ಕೇ ಬೆನ್ನು ಕೊಟ್ಟು ನಿಂತಿದ್ದೇನೆ, ಇದು ಇನ್ನೂ 18 ಮೀಟರ್ ಹೋಗು ಅನ್ನುತ್ತೆ. 18 ಮೀಟರ್ ಅಂದ್ರೆ ಹಳ್ಳದ ಆಚೆ ದಡ! ಮಗ ಅದೇ ಕಂಪನಿಯ ಹೊಸ ಇಟ್ರೆಕ್ಸ್ ಎಸ್‌ಇ ಕೊಡಿಸ್ತೇನೆ ಅಂತಾನೆ. ದುಡ್ಡು ಅವನದೇ, ಆದ್ರೂ ಮನಸ್ಸು ಬರ್ತಿಲ್ಲ.

ಇಂಬಳ:
ಸಾರ್, ಈಗಿನ ಕಾಲದಲ್ಲಿ ಫೋನೇ ಸಾಕು. ಆರ್ಗ್ಯಾನಿಕ್ ಮ್ಯಾಪ್ಸ್ ಅನ್ನೋ ನಕ್ಷೆ ಆ್ಯಪ್ ಹಾಕ್ಕೊಳ್ಳಿ, ನೆಟ್‌ವರ್ಕ್ ಇಲ್ದೇನೂ ನಡೆಯುತ್ತೆ.

ಕಾನುಮನೆ:
ನಡೆಯುತ್ತೆ ಮಾರಾಯ್ರೇ, ಬೇಸಿಗೇಲಿ. ಆಷಾಢದ ಮಳೇಲಿ ಒದ್ದೆ ಬೆರಳಿಗೆ ಫೋನು ಮಾತೇ ಕೇಳಲ್ಲ. ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ನಿಮ್ಮ ಹೆಸರಿನ ಪ್ರಾಣಿ ಕೀಳ್ತಾ ಇರ್ತೇನೆ. ಕರೆಂಟು ಹೋದ್ರೆ ಮೂರು ದಿನ ಬರಲ್ಲ. ಪೆನ್ಸಿಲ್ ಸೆಲ್ಲಾದ್ರೆ ಊರ ಅಂಗಡೀಲೇ ಸಿಗುತ್ತೆ.

ಸರ್ವೆ ಚೈನು:
ಮೇಷ್ಟ್ರೇ, ಎಸ್‌ಇ ಬೇಡ. 2023ರಲ್ಲಿ ಬಂದದ್ದು, ಒಳ್ಳೇ ಯಂತ್ರ, ಪೆನ್ಸಿಲ್ ಸೆಲ್ಲಿನಲ್ಲೇ 168 ಗಂಟೆ ಅಂತ ಕಂಪನಿ ಹೇಳುತ್ತೆ, ನಿಮ್ಮದಕ್ಕೆ 25. ಗೆಲಿಲಿಯೋ, ಬೈಡೂ ಉಪಗ್ರಹಗಳನ್ನೂ ಹಿಡಿಯುತ್ತೆ. ಆದ್ರೆ ನಿಮ್ಮ ಕಷ್ಟ ಉಪಗ್ರಹ ಕಡಿಮೆ ಅಂತ ಮಾತ್ರ ಅಲ್ಲ. ಮರಕ್ಕೆ, ಬಂಡೆಗೆ ತಾಗಿ ಬಳಸಿ ಬರೋ ಸಿಗ್ನಲ್ಲನ್ನೂ ಯಂತ್ರ ನೇರ ಬಂದದ್ದು ಅಂತ ನಂಬುತ್ತೆ. ಅದನ್ನ ಬೇರೆ ಮಾಡೋಕೆ ಉಪಗ್ರಹ ಕಳಿಸೋ ಎರಡು ತರಂಗಾಂತರ, ಅಂದ್ರೆ ಎಲ್1 (1575.42 ಮೆಗಾಹರ್ಟ್ಸ್) ಜೊತೆ ಎಲ್5 (1176.45) ಕೂಡ ಕೇಳೋ ಯಂತ್ರ ಬೇಕು. ಎಸ್‌ಇಯಲ್ಲಿ ಅದಿಲ್ಲ. ಇಟ್ರೆಕ್ಸ್ ಸೋಲಾರ್, ಜಿಪಿಎಸ್‌ಮ್ಯಾಪ್ 67ರಲ್ಲಿ ಇದೆ. ಆದ್ರೆ ಅವೆರಡರಲ್ಲೂ ಪೆನ್ಸಿಲ್ ಸೆಲ್ಲು ಹಾಕೋಕಾಗಲ್ಲ, ಚಾರ್ಜೇ ಮಾಡಬೇಕು.

ಅದಕ್ಕೂ ಮೊದಲು, ನಿಮ್ಮ 10ರಲ್ಲೇ ವೇಪಾಯಿಂಟ್ ಆವರೇಜಿಂಗ್ (ಒಂದೇ ಜಾಗದ ಹಲವು ಅಳತೆಗಳ ಸರಾಸರಿ ತೆಗೆಯೋದು) ಇದೆ, ಹುಡುಕಿ. ಒಂದೇ ಬಿಂದುವಿಗೆ 4ರಿಂದ 8 ಸಲ, ನಡುವೆ 90 ನಿಮಿಷವಾದ್ರೂ ಬಿಟ್ಟು ಅಳತೆ ತಗೊಳ್ಳಿ ಅಂತ ಕೈಪಿಡೀಲೇ ಬರೆದಿದೆ. ಅಷ್ಟರಲ್ಲಿ ಉಪಗ್ರಹಗಳು ಜಾಗ ಬದಲಿಸಿರ್ತವೆ, ತಪ್ಪೂ ಬೇರೆ ದಿಕ್ಕಿಗೆ ಹೋಗಿರುತ್ತೆ.

ಇನ್ನೊಂದು, ಪಟ್ಟೀಲಿ ಡಿಗ್ರಿ-ನಿಮಿಷ ಬರೀತೀರೋ, ಬರೀ ದಶಮಾಂಶ ಡಿಗ್ರಿಯೋ? 14° 16.2' ಅನ್ನೋದನ್ನ 14.162 ಅಂತ ಬರೆದೋರನ್ನ ಬಹಳ ನೋಡಿದ್ದೇನೆ. ಡಿಗ್ರಿಗೆ 60 ನಿಮಿಷ, ಹಾಗಾಗಿ ಅದು 14.27 ಆಗ್ಬೇಕು.

ಕಾನುಮನೆ:
ಅಯ್ಯೋ, ಆ ಪಾಪ ಮೊದಲ ವರ್ಷ ಮಾಡಿದ್ದೇನೆ. 14° 16.2', 74° 44.4' ಅಂತ ಯಂತ್ರ ತೋರಿಸಿದ್ದನ್ನ 14.162, 74.444 ಅಂತ ಬರೆದೆ. ಮಗ ಕಂಪ್ಯೂಟರಿಗೆ ಹಾಕಿ ನೋಡಿದ್ರೆ ನನ್ನ ರಾಮಪತ್ರೆ ಹೊನ್ನಾವರದ ಕಡೆಯ ಮಂಕಿ ಊರಿಂದಾಚೆ ಅರಬ್ಬಿ ಸಮುದ್ರದಲ್ಲಿ!

ಇಂಬಳ:
ಹೆಂಗೂ ಕೊಡಿಸ್ತೀನಿ ಅಂತಿದ್ದಾರಲ್ಲ, ಎಸ್‌ಒಎಸ್ ಗುಂಡಿ ಇರೋ ಇನ್‌ರೀಚ್ ತಗೊಳ್ಳಿ ಹಂಗಾದ್ರೆ?

ಸರ್ವೆ ಚೈನು:
ಬೇಡಪ್ಪಾ, ಅದು ಉಪಗ್ರಹದ ಮೂಲಕ ಸಂದೇಶ ಕಳಿಸೋ ಯಂತ್ರ. ಭಾರತದಲ್ಲಿ ಪರವಾನಗಿ ಇಲ್ದೇ ಇಟ್ಕೊಂಡ್ರೆ ಕೇಸು. 2024ರ ಡಿಸೆಂಬರಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ವಿದೇಶಿ ಪ್ರವಾಸಿಯನ್ನೇ ಹಿಡಿದಿದ್ರು.

ಕಾನುಮನೆ:
ಭಾನುವಾರ ಹೋಗಿ ಬಂದೆ. ಬುತ್ತಿ ಕಟ್ಟಿಕೊಂಡು ಹೋಗಿ ಬೆಳಿಗ್ಗೆ ಏಳೂವರೆಗೆ ಶುರುಮಾಡಿ ನಾಲ್ಕು ಅಳತೆ ತಗೊಂಡೆ. ಇವತ್ತು ಮತ್ತೆ ಹೋಗಿ ಅದೇ ಮರಕ್ಕೆ ದಾರಿ ಕೇಳಿದ್ರೆ 6 ಮೀಟರ್ ಹತ್ರಕ್ಕೆ ತಂದು ನಿಲ್ಲಿಸ್ತು. ಹಳ್ಳದ ಈಚೆ ದಡದಲ್ಲೇ. ಹಾಗಾಗಿ ಎಸ್‌ಇ ಬೇಡ ಅಂತ ಮಗನಿಗೆ ಹೇಳಿಯಾಯ್ತು.

ಆದ್ರೆ ಪಟ್ಟೀಲಿ 212 ಮರ ಇವೆ, ಒಂದೊಂದಕ್ಕೆ ಅರ್ಧ ದಿನ ಕೂತ್ರೆ ಮುಗಿಯೋ ಕೆಲಸ ಅಲ್ಲ. ಶಿರಸಿ-ಸಿದ್ದಾಪುರ ಕಡೆ ಯಾರ ಹತ್ರಾದ್ರೂ ಇಟ್ರೆಕ್ಸ್ ಸೋಲಾರ್ ಇದ್ರೆ ಒಂದು ದಿನ ಅದನ್ನೂ ತಗೊಂಡು ಜೊತೆಗೆ ಬನ್ನಿ. ಎರಡನ್ನೂ ಒಂದೇ ಮರದ ಬುಡದಲ್ಲಿಟ್ಟು ನೋಡುವ. ಊಟ ನಮ್ಮನೇಲಿ.