ಲಾರಿಯ ಇಸಿಎಂ ಬದಲಿಸುವ ಮುನ್ನ ಏನೇನು ಪರೀಕ್ಷಿಸಬೇಕು?

ಪ್ರಶ್ನೆ: ಹುಬ್ಬಳ್ಳಿಯ ಲಾರಿ ಮಾಲೀಕರು

ಎಲ್ಲರಿಗೂ ನಮಸ್ಕಾರ. ನನ್ನ ಬಿಎಸ್6 ಹತ್ತು ಗಾಲಿಯ ಲಾರಿಯು ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಮಂಗಳೂರಿನ ಕಡೆಗೆ ಓಡುತ್ತದೆ. ಈಚೆಗೆ ಮರಳಿ ಬರುವಾಗ ಅರಬೈಲ್ ಘಟ್ಟ ಏರುವ ಹೊತ್ತಿಗೆ ಎಂಜಿನ್ ಒಮ್ಮೆಲೇ ನಿಂತುಬಿಡುತ್ತದೆ. ಸೆಲ್ಫ್ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ತಣ್ಣಗಾಗಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿದಾಗ ಪಿ0606 ಮತ್ತು ಯು0100 ಎಂಬ ಕೋಡುಗಳು ಬಂದವು, ಇಸಿಎಂ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆ) ಹೋಗಿದೆ, ಹೊಸದು ಹಾಕಲೇಬೇಕು ಎಂದರು. ಅಷ್ಟು ಹಣ ಸುರಿಯುವ ಮೊದಲು ಅನುಭವಿಗಳ ಸಲಹೆ ಬೇಕಾಗಿದೆ.

ಉತ್ತರ: ಧಾರವಾಡದ ವಾಹನ ಎಲೆಕ್ಟ್ರಿಷಿಯನ್

ಮೊದಲು ಆ ಎರಡು ಕೋಡುಗಳ ಅರ್ಥವನ್ನು ಬಿಡಿಸಿ ನೋಡೋಣ. ಯು0100 ಎಂಬುದು ಇಸಿಎಂ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದಲ್ಲ. ಬ್ರೇಕಿನ ಎಬಿಎಸ್ ಅಥವಾ ಮೀಟರ್ ಬೋರ್ಡಿನಂತಹ ಬೇರೆ ಘಟಕಗಳು ‘ಇಸಿಎಂ ಉತ್ತರಿಸುತ್ತಿಲ್ಲ’ ಎಂದು ದಾಖಲಿಸಿದ ದೂರು ಅದು. ಉತ್ತರಿಸದಿರಲು ಇಸಿಎಂ ಸತ್ತಿರಬೇಕೆಂದೇನಿಲ್ಲ, ಅದಕ್ಕೆ ಕರೆಂಟು ತಲುಪದಿದ್ದರೂ ಸಾಕು. ಪಿ0606 ಒಳಗಿನ ಪ್ರೊಸೆಸರಿನ ದೋಷವನ್ನು ಸೂಚಿಸುತ್ತದೆ ನಿಜ, ಆದರೆ ವೋಲ್ಟೇಜ್ ಕುಸಿದ ಗಳಿಗೆಯಲ್ಲೂ ಅದು ದಾಖಲಾಗುವುದುಂಟು. ಆದ್ದರಿಂದ ಕೋಡುಗಳನ್ನು ಬರೆದಿಟ್ಟುಕೊಂಡು, ಅಳಿಸಿ, ಕರೆಂಟು ಸರಿಯಿದೆಯೆಂದು ಖಾತ್ರಿ ಮಾಡಿಕೊಂಡ ಮೇಲೂ ಅವು ಮರಳುತ್ತವೆಯೇ ಎಂದು ನೋಡಬೇಕು.

ಕರೆಂಟು ಸರಿಯಿದೆ ಎಂದು ತಿಳಿಯಲು ಮಲ್ಟಿಮೀಟರ್ ಒಂದೇ ಸಾಲದು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ತಂತಿಯ ಎಳೆಗಳೆಲ್ಲ ಹರಿದು ಒಂದೇ ಎಳೆ ಉಳಿದಿದ್ದರೂ ಮೀಟರು 24 ವೋಲ್ಟನ್ನು ಪೂರ್ತಿಯಾಗಿ ತೋರಿಸುತ್ತದೆ, ಏಕೆಂದರೆ ಮೀಟರು ಕರೆಂಟನ್ನು ಎಳೆಯುವುದೇ ಇಲ್ಲವೆನ್ನುವಷ್ಟು ಕಡಿಮೆ. ಇಸಿಎಂ ಕಪ್ಲರನ್ನು (ವೈರಿಂಗ್ ಬಂದು ಕೂಡುವ ಪ್ಲಗ್ಗನ್ನು) ಬಿಚ್ಚಿ, ವೈರಿಂಗ್ ಕಡೆಯ ಪ್ಲಸ್ ಮತ್ತು ಅರ್ಥಿಂಗ್ ಪಿನ್ನುಗಳ ನಡುವೆ 24 ವೋಲ್ಟಿನ 21 ವ್ಯಾಟ್ ಬಲ್ಬೊಂದನ್ನು ಹಚ್ಚಿ ನೋಡಿರಿ. ಅದು ಒಂದು ಆಂಪಿಯರಿಗೆ ಹತ್ತಿರ ಎಳೆಯುವುದರಿಂದ ಸೊರಗಿದ ತಂತಿ, ಸುಟ್ಟ ರಿಲೇ ಪಾಯಿಂಟು, ಸಡಿಲವಾದ ಫ್ಯೂಸ್ ಹೋಲ್ಡರು ಎಲ್ಲವೂ ಬಲ್ಬಿನ ಮಂದ ಬೆಳಕಿನಲ್ಲಿ ಬಯಲಾಗುತ್ತವೆ. ಪಿನ್ನಿನ ಬಾಯಿ ಅಗಲವಾಗದಂತೆ ಸರಿಯಾದ ಅಳತೆಯ ಟರ್ಮಿನಲ್ಲನ್ನೇ ಬಳಸಬೇಕು, ಸೂಜಿ ತೂರಿಸಬಾರದು. ಅನಂತರ ಕಪ್ಲರ್ ಜೋಡಿಸಿ, ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೈನಸ್ ಕಂಬಕ್ಕೂ ಇಸಿಎಂನ ಅರ್ಥಿಂಗ್ ಪಿನ್ನಿಗೂ ನಡುವೆ ಅಳೆದರೆ ಅರ್ಧ ವೋಲ್ಟಿಗಿಂತ ಹೆಚ್ಚು ಬರಬಾರದು. ನಮ್ಮ ಭಾಗದ ಲಾರಿಗಳಲ್ಲಿ ಟೇಪಿಗೂ ಮೊಬೈಲ್ ಚಾರ್ಜರಿಗೂ, 24 ವೋಲ್ಟ್ ಕೊಡುವ ಎರಡು ಬ್ಯಾಟರಿಗಳ ಪೈಕಿ ಒಂದರಿಂದಲೇ 12 ವೋಲ್ಟ್ ಎಳೆದಿರುತ್ತಾರೆ. ಆ ಬ್ಯಾಟರಿ ಬೇಗ ಸೋತು ಜೋಡಿಯ ಸಮತೋಲ ಕೆಡುತ್ತದೆ, ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ.

ಕ್ಯಾನ್ ಲೈನನ್ನು, ಅಂದರೆ ಇಸಿಎಂ ಮತ್ತು ಇತರ ಘಟಕಗಳು ಪರಸ್ಪರ ಮಾತಾಡುವ ಎರಡು ತಂತಿಗಳನ್ನು, ಬ್ಯಾಟರಿ ಕಳಚಿದ ಮೇಲೆ ಅಳೆಯಬೇಕು. ಅದರ ಎರಡು ತುದಿಗಳಲ್ಲಿ 120 ಓಮ್‌ನ ಎರಡು ರೆಸಿಸ್ಟರುಗಳಿರುವುದರಿಂದ ಎರಡು ತಂತಿಗಳ ನಡುವೆ 60 ಓಮ್ ಬರಬೇಕು. 120 ಬಂದರೆ ಎಲ್ಲೋ ತಂತಿ ತುಂಡಾಗಿದೆ ಅಥವಾ ಒಂದು ರೆಸಿಸ್ಟರ್ ಹೋಗಿದೆ, ಸೊನ್ನೆಗೆ ಹತ್ತಿರ ಬಂದರೆ ತಂತಿಗಳು ಒಂದಕ್ಕೊಂದು ತಾಗಿವೆ. ಕೊನೆಯದಾಗಿ, ಸೆನ್ಸರುಗಳಿಗೆ ಹೋಗುವ 5 ವೋಲ್ಟ್: ಒಂದೇ ಸೆನ್ಸರ್ ಶಾರ್ಟ್ ಆದರೂ ಆ 5 ವೋಲ್ಟ್ ಬಿದ್ದುಹೋಗಿ, ಹಲವು ಕೋಡುಗಳು ಒಟ್ಟಿಗೆ ಬಂದು, ತಪ್ಪು ಇಸಿಎಂ ಮೇಲೆ ಬೀಳುತ್ತದೆ. ಸೆನ್ಸರುಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋದರೆ ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೆಯೋ ಅದೇ ಕೆಟ್ಟಿದ್ದು.

ಉತ್ತರ: ಹಾವೇರಿಯ ಲಾರಿ ಮಾಲೀಕರು

ನಮ್ಮ ಲಾರಿಯಲ್ಲಿಯೂ ಇದೇ ಲಕ್ಷಣವಿತ್ತು. ಇಸಿಎಂಗೆ ಹೋಗುವ ವೈರಿಂಗ್ ಚಾಸಿಯ ಬ್ರಾಕೆಟ್ಟಿಗೆ ಉಜ್ಜಿ ಸವೆದಿತ್ತು. ತಗ್ಗು ಬಿದ್ದ ರಸ್ತೆಯಲ್ಲಿ ಮಾತ್ರ ತಾಗುತ್ತಿದ್ದುದರಿಂದ ಗ್ಯಾರೇಜಿನಲ್ಲಿ ನಿಂತಾಗ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಎಂಜಿನ್ ಓಡುತ್ತಿರುವಾಗ ವೈರಿಂಗನ್ನು ಗೇಣುಗೇಣಾಗಿ ಅಲುಗಾಡಿಸಿ ನೋಡಿರಿ. ಕಪ್ಲರಿನಲ್ಲಿ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಬಳಸಿರಿ, ಉಪ್ಪುಕಾಗದ ಹಚ್ಚಬೇಡಿರಿ. ಇತ್ತೀಚೆಗೆ ಲಾರಿಯ ಬಾಡಿಯಲ್ಲಿ ವೆಲ್ಡಿಂಗ್ ಮಾಡಿಸಿದ್ದರೆ, ಆಗ ಇಸಿಎಂ ಕಪ್ಲರ್ ಮತ್ತು ಬ್ಯಾಟರಿಯನ್ನು ಬಿಚ್ಚಿದ್ದರೋ ಇಲ್ಲವೋ ಎಂಬುದನ್ನೂ ವಿಚಾರಿಸಿರಿ.

ಪ್ರಶ್ನೆ ಕೇಳಿದವರ ಮರುಬರಹ

ಇಬ್ಬರಿಗೂ ಧನ್ಯವಾದಗಳು. ನಮ್ಮ ಎಲೆಕ್ಟ್ರಿಷಿಯನ್ನರು ಹೇಳಿದಂತೆಯೇ ಪರೀಕ್ಷಿಸಿದರು. ಬಲ್ಬು ಪ್ರಖರವಾಗಿ ಉರಿಯಿತು, ಅರ್ಥಿಂಗ್ ಸರಿಯಿದೆ, ಕ್ಯಾನ್ 60 ಓಮ್ ತೋರಿಸಿತು, ವೈರಿಂಗ್ ಅಲುಗಾಡಿಸಿದರೂ ಎಂಜಿನ್ ನಿಲ್ಲಲಿಲ್ಲ, ವೆಲ್ಡಿಂಗ್ ಮಾಡಿಸಿಲ್ಲ. ಅನಂತರ ಅವರು ಸ್ಕ್ಯಾನರನ್ನು ಜೋಡಿಸಿಟ್ಟು ಇಸಿಎಂ ಪೆಟ್ಟಿಗೆಯನ್ನು ಹೇರ್ ಡ್ರೈಯರಿನಿಂದ ಮೆಲ್ಲಗೆ ಬಿಸಿ ಮಾಡಿದರು. ಬಿಸಿಯೇರಿದ ಮೇಲೆ ಎಂಜಿನ್ ನಿಂತಿತು, ಇಸಿಎಂ ಸಂಪರ್ಕವೂ ಕಡಿಯಿತು. ಆದರೆ ಅದೇ ಗಳಿಗೆಯಲ್ಲಿ ಪಿನ್ನುಗಳಲ್ಲಿ 24 ವೋಲ್ಟ್ ಹಾಗೆಯೇ ಇತ್ತು, ಎಬಿಎಸ್ ಘಟಕ ಸ್ಕ್ಯಾನರಿಗೆ ಉತ್ತರಿಸುತ್ತಲೇ ಇತ್ತು. ಹಾಗಾದರೆ ಗ್ಯಾರೇಜಿನವರು ಹೇಳಿದ್ದೇ ಸರಿಯೆಂದಾಯಿತು. ಬದಲಿಸುವಾಗ ಯಾವ ಎಚ್ಚರಿಕೆ ಬೇಕು? ಗುಜರಿಯಲ್ಲಿ ಇದೇ ಎಂಜಿನ್ನಿನ ಇಸಿಎಂ ಸಿಗುತ್ತದೆ ಎನ್ನುತ್ತಿದ್ದಾರೆ.

ಉತ್ತರ: ಗದಗಿನಲ್ಲಿ ಇಸಿಎಂ ದುರಸ್ತಿ ಮಾಡುವವರು

ತಮ್ಮ ಪರೀಕ್ಷೆ ದೋಷವನ್ನು ಪೆಟ್ಟಿಗೆಯ ಒಳಗೇ ತಂದು ನಿಲ್ಲಿಸಿದೆ. ಬಿಸಿಯಾದಾಗ ಬಿಟ್ಟುಕೊಳ್ಳುವ ಬೆಸುಗೆಯೇ ಕಾರಣವಾಗಿದ್ದರೆ ದುರಸ್ತಿ ಸಾಧ್ಯ. ಪ್ರೊಸೆಸರೇ ಹೋಗಿದ್ದರೆ ಬದಲಿಸುವುದು ಲೇಸು. ಲಾರಿ ವಾರಂಟಿಯಲ್ಲಿದ್ದರೆ ಯಾರಿಂದಲೂ ಪೆಟ್ಟಿಗೆ ತೆರೆಸಬೇಡಿರಿ.

ಎಂಜಿನ್ ಒಂದೇ ಆದ ಮಾತ್ರಕ್ಕೆ ಗುಜರಿಯ ಇಸಿಎಂ ಹೊಂದುತ್ತದೆ ಎಂದು ನಂಬಬಾರದು. ಒಂದೇ ಎಂಜಿನ್ನನ್ನು ಬೇರೆಬೇರೆ ಶಕ್ತಿಗೆ ಹೊಂದಿಸಿ ಬೇರೆಬೇರೆ ಲಾರಿಗಳಿಗೆ ಕೂರಿಸಿರುತ್ತಾರೆ, ಆದ್ದರಿಂದ ಪಾರ್ಟ್ ನಂಬರ್, ಹಾರ್ಡ್‌ವೇರ್ ನಂಬರ್ ಮತ್ತು ಸಾಫ್ಟ್‌ವೇರ್ ನಂಬರ್ ಮೂರನ್ನೂ ತಾಳೆ ನೋಡಬೇಕು. ಅದರಲ್ಲಿ ಬೇರೆ ಲಾರಿಯ ಚಾಸಿ ನಂಬರ್ ಮತ್ತು ಕಳವು ತಡೆಯುವ ಇಮ್ಮೊಬಿಲೈಸರ್ ಗುರುತು ಉಳಿದಿರುವುದರಿಂದ, ಅದನ್ನು ಸರಿಪಡಿಸದೆ ಎಂಜಿನ್ ಹಿಡಿಯದೇ ಇರಬಹುದು.

ಇದಕ್ಕಿಂತ ಮುಖ್ಯವಾದದ್ದು ಹಳೆಯ ಇಸಿಎಂನಲ್ಲಿರುವ ಮಾಹಿತಿ. ತಣ್ಣಗಿರುವಾಗ ತಮ್ಮದು ಇನ್ನೂ ಕೆಲಸ ಮಾಡುತ್ತಿರುವುದು ಒಂದು ಪುಣ್ಯ. ಪೂರ್ತಿ ಸಾಯುವ ಮೊದಲೇ ಎಲ್ಲವನ್ನೂ ಓದಿಸಿ ಇಟ್ಟುಕೊಳ್ಳಿರಿ. ಪ್ರತಿ ಇಂಜೆಕ್ಟರಿಗೂ ಅದರ ಡೀಸೆಲ್ ಪ್ರಮಾಣವನ್ನು ತಿದ್ದುವ ಕೋಡೊಂದು ಇರುತ್ತದೆ, ಅದನ್ನು ಸಿಲಿಂಡರಿನ ಕ್ರಮದಲ್ಲಿಯೇ ಹೊಸ ಇಸಿಎಂಗೆ ತುಂಬಬೇಕು. ಅದು ತಪ್ಪಿದರೆ ಹೊಗೆ, ಬಡಿತ, ಒರಟು ಐಡ್ಲಿಂಗ್ ಶುರುವಾಗಿ, ಚೆನ್ನಾಗಿರುವ ಇಂಜೆಕ್ಟರುಗಳನ್ನು ಬಿಚ್ಚಿಸುವ ಇನ್ನೊಂದು ಖರ್ಚು ಬೀಳುತ್ತದೆ. ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಫಿಲ್ಟರಿನ ಮಸಿಯ ಲೆಕ್ಕವೂ ಹಳೆಯದರಲ್ಲಿಯೇ ಇರುತ್ತದೆ. ಹೊಸದು ಸೊನ್ನೆಯಿಂದ ಎಣಿಸತೊಡಗಿದರೆ ತುಂಬಿದ ಫಿಲ್ಟರನ್ನು ಖಾಲಿ ಎಂದೇ ತಿಳಿಯುತ್ತದೆ. ಗಂಟೆಗೆ 80 ಕಿ.ಮೀ. ವೇಗಮಿತಿಯ ಹೊಂದಾಣಿಕೆಯನ್ನೂ ಮರೆಯದೆ ನೋಡಿಸಿರಿ. ಪ್ರೋಗ್ರಾಮ್ ಹಾಕುವಾಗಲೇ ಡೆಫ್ (ಹೊಗೆಯನ್ನು ಶುದ್ಧಗೊಳಿಸುವ ಯೂರಿಯಾ ದ್ರವ) ಬಂದ್ ಮಾಡಿಕೊಡುತ್ತೇವೆ ಎಂದು ಕೆಲವರು ಆಸೆ ಹಚ್ಚುತ್ತಾರೆ; ಅದು ಕಾನೂನಿಗೆ ವಿರುದ್ಧ, ಅಂಥವರ ಕೈಗೆ ಲಾರಿ ಕೊಡದಿರುವುದೇ ಕ್ಷೇಮ.

ಬಿಚ್ಚುವಾಗ, ಇಗ್ನಿಷನ್ ಬಂದ್ ಮಾಡಿದ ಕೂಡಲೇ ಬ್ಯಾಟರಿ ಕಳಚಬೇಡಿರಿ. ಡೆಫ್ ಪಂಪು ಪೈಪಿನಲ್ಲಿ ಉಳಿದ ದ್ರವವನ್ನು ಟ್ಯಾಂಕಿಗೆ ಹಿಂದಕ್ಕೆ ಎಳೆದುಕೊಳ್ಳಲು ಕೆಲವು ನಿಮಿಷ ಬೇಕು, ಇಲ್ಲದಿದ್ದರೆ ಅದು ಪೈಪಿನಲ್ಲಿಯೇ ಹರಳುಗಟ್ಟಬಹುದು. ಪ್ರೋಗ್ರಾಮ್ ಏರಿಸುವಾಗ 24 ವೋಲ್ಟಿನ ಸ್ಥಿರ ಸಪ್ಲೈ ಹಚ್ಚಿರಲಿ. ನಡುವೆ ವೋಲ್ಟೇಜ್ ಬಿದ್ದರೆ ಹೊಸ ಇಸಿಎಂ ಅಲ್ಲಿಯೇ ಕೆಡಬಹುದು. ಕೆಲಸ ಮುಗಿದ ಮೇಲೆ ಖಾಲಿ ಲಾರಿಯನ್ನು ಊರೊಳಗೆ ಸುತ್ತಿಸಿ ತಂದರೆ ಸಾಲದು, ಲೋಡಿನೊಂದಿಗೆ ಘಟ್ಟ ಏರಿಸಿ ಬಂದು ಕೋಡುಗಳನ್ನು ಮತ್ತೊಮ್ಮೆ ಓದಿಸಿರಿ. ಅಲ್ಲಿಯವರೆಗೆ ಹಳೆಯ ಇಸಿಎಂ ತಮ್ಮ ಬಳಿಯೇ ಇರಲಿ.