ಸಂಜೆ ನಾಲ್ಕಾದರೆ ಕಣ್ಣು ಉರಿ, ಬ್ಲೂ ಕಟ್ ಹಾಕಿಸಿದರೂ ಹೋಗಿಲ್ಲ

ಲೆಕ್ಕದಪುಸ್ತಕ:
ವಯಸ್ಸು 42. ಆಡಿಟರ್ ಆಫೀಸಿನಲ್ಲಿ ಕೆಲಸ, ದಿನಕ್ಕೆ ಎಂಟೊಂಬತ್ತು ಗಂಟೆ ಎಕ್ಸೆಲ್ ಮುಂದೆ. ಮೂರು ತಿಂಗಳಿಂದ ಸಂಜೆಯಾದರೆ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಹುಬ್ಬಿನ ಮೇಲೆ ನೋವು, ಸ್ಕ್ರೀನ್ ಬಿಟ್ಟು ಗೋಡೆ ಗಡಿಯಾರ ನೋಡಿದರೆ ಎರಡು ಮೂರು ಸೆಕೆಂಡ್ ಮಂಜು ಮಂಜು. ಪವರ್ ಮೈನಸ್ 1 ಅಷ್ಟೇ. ಅಂಗಡಿಯವರ ಮಾತು ಕೇಳಿ ಕನ್ನಡಕಕ್ಕೆ ನೀಲಿ ಬೆಳಕು ತಡೆಯುವ ಬ್ಲೂ ಕಟ್ ಲೆನ್ಸ್ ಹಾಕಿಸಿದೆ, ಏನೂ ಪ್ರಯೋಜನವಿಲ್ಲ. ವಿಚಿತ್ರ ಏನಂದರೆ ಕನ್ನಡಕ ತೆಗೆದು ಫೋನ್ ನೋಡಿದರೆ ಹಾಯಾಗಿರುತ್ತದೆ!

ಹುಣಸೆಮರ:
ಆ ಕೊನೇ ಸಾಲಿನಲ್ಲೇ ಉತ್ತರ ಇದೆಯಲ್ವಾ. ಚಾಳೀಸು ಬಂದಿದೆ ಸಾರ್, ಸ್ವಾಗತ. ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಒಳಗಿನ ಲೆನ್ಸ್ ಬಿಗಿಯಾಗುತ್ತಾ ಬರುತ್ತದೆ, ಹತ್ತಿರದ್ದು ಕಾಣಬೇಕಾದರೆ ಅದನ್ನು ಬಗ್ಗಿಸುವ ಸ್ನಾಯು ಜಾಸ್ತಿ ದುಡಿಯಬೇಕು, ದಿನವಿಡೀ ದುಡಿದು ಹಿಡಿದುಕೊಂಡಿದ್ದು ತಟ್ಟನೆ ಸಡಿಲವಾಗದೆ ಗಡಿಯಾರ ಮಂಜಾಗುತ್ತದೆ. ಮೈನಸ್ ಕನ್ನಡಕ ತೆಗೆದರೆ ಆ ಕೆಲಸ ಅಷ್ಟು ಕಮ್ಮಿ. ಹಾಗಂತ ಸೀದಾ ಪ್ರೋಗ್ರೆಸಿವ್‌ಗೆ, ಅಂದರೆ ದೂರದ್ದು ಹತ್ತಿರದ್ದು ಎರಡೂ ಪವರ್ ಒಂದೇ ಗಾಜಿನಲ್ಲಿರುವ ಕನ್ನಡಕಕ್ಕೆ, ಹೋಗಬೇಡಿ. ಅದರಲ್ಲಿ ಹತ್ತಿರದ ಪವರ್ ಕೆಳಗಿರುತ್ತದೆ, ಮಾನಿಟರ್ ಎದುರಿಗಿರುತ್ತದೆ, ಗಲ್ಲ ಎತ್ತಿ ಎತ್ತಿ ನನ್ನ ಕುತ್ತಿಗೆ ಹಿಡಿದುಕೊಂಡಿತ್ತು. ಟೇಪ್ ಹಿಡಿದು ಕಣ್ಣಿಂದ ಸ್ಕ್ರೀನಿಗೆ ಎಷ್ಟು ಅಂತ ಅಳೆದು, ಆ ದೂರಕ್ಕೇ ಒಂದು ಕನ್ನಡಕ ಕೇಳಿ. ನಂದು 62 ಸೆಂ.ಮೀ. ಬಂತು.

ಮಳೆಗಾಲ:
ಹುಬ್ಬು ನೋವಿಗೆ ಸರಿ, ಮರಳಿನ ಕಥೆ ಬೇರೆ. ಅದು ಕಣ್ಣು ಒಣಗೋದು. ಸುಮ್ನೆ ಕೂತಾಗ ನಿಮಿಷಕ್ಕೆ ಸುಮಾರು 15 ಸಲ ಮಿಟುಕಿಸುತ್ತೇವೆ, ಸ್ಕ್ರೀನ್ ಮುಂದೆ ಅದು 5–7ಕ್ಕೆ ಇಳಿಯುತ್ತದೆ, ಅದೂ ಅರ್ಧಂಬರ್ಧ. ಮಾನಿಟರ್ ಎತ್ತರದಲ್ಲಿದ್ದರೆ ಕಣ್ಣು ಅಗಲವಾಗಿ ತೆರೆದಿದ್ದು ಇನ್ನೂ ಬೇಗ ಒಣಗುತ್ತದೆ. ಎಸಿ ಗಾಳಿ ಮುಖಕ್ಕೆ ಬರುತ್ತಾ? ಅಲರ್ಜಿ ಮಾತ್ರೆ ಏನಾದರೂ?

ತಲೆಹರಟೆ:
ಬ್ಲೂ ಕಟ್‌ಗೆ ಕೊಟ್ಟ ದುಡ್ಡಿನಲ್ಲಿ ಎಷ್ಟು ಮಸಾಲೆ ದೋಸೆ ಬರ್ತಿತ್ತು! 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2023ರ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಸಂಸ್ಥೆ) ವರದಿಯಲ್ಲೂ, ಕಂಪ್ಯೂಟರ್ ಆಯಾಸಕ್ಕೆ ಮಾಮೂಲಿ ಲೆನ್ಸಿಗಿಂತ ಇದರಿಂದ ಹೆಚ್ಚಿನ ಲಾಭ ಕಾಣಲಿಲ್ಲ.

ಲೆಕ್ಕದಪುಸ್ತಕ:
ಈಗಷ್ಟೇ ನೋಡಿದೆ, ಎಸಿ ನೇರ ನನ್ನ ಮುಖಕ್ಕೇ. ಮಾನಿಟರ್ ಎರಡು ಎ4 ಕಟ್ಟಿನ ಮೇಲೆ ಕೂತಿದೆ, ಅದನ್ನು ಇಳಿಸಿದೆ. ಸೆಟಿರಿಜಿನ್ ಎರಡು ತಿಂಗಳಿಂದ ರಾತ್ರಿ ತಗೊಳ್ತಿದ್ದೇನೆ, ಧೂಳಿಗೆ. ಅದೂ ಕಾರಣಾನಾ?

ಮಳೆಗಾಲ:
ಇರಬಹುದು, ಆ ಗುಂಪಿನ ಮಾತ್ರೆಗಳು ಕಣ್ಣೀರು ಕಮ್ಮಿ ಮಾಡುತ್ತವೆ. ನೀವಾಗಿ ನಿಲ್ಲಿಸಬೇಡಿ, ಕಣ್ಣಿನ ಡಾಕ್ಟರಿಗೆ ಹೇಳಿ. ಹೋದಾಗ ಕಣ್ಣಿನ ಪ್ರೆಶರ್ ಕೂಡ ನೋಡಿಸಿ, ನಲವತ್ತು ದಾಟಿದೆಯಲ್ಲ. ಮೆಡಿಕಲ್‌ನಲ್ಲಿ ಕೆಂಪು ಹೋಗುವ ಡ್ರಾಪ್ಸ್ ಕೇಳಿ ತಂದುಬಿಡಬೇಡಿ.

ಲೆಕ್ಕದಪುಸ್ತಕ:
ಶನಿವಾರ ಹೋಗುತ್ತೇನೆ. ಟೇಪ್ ಹಿಡಿದೆ: ಮಾನಿಟರ್ 65, ಕೈಯಲ್ಲಿನ ವೋಚರ್ 40. ಎರಡನ್ನೂ ಬರೆದಿಟ್ಟುಕೊಂಡಿದ್ದೇನೆ.